ಲೆಕ್ಕಕ್ಕೆ ಸಿಗದ ಎರಡು ಡಾಲರು

ತಿಂಗಳ ಮೂರನೆಯ ಗುರುವಾರ, ಸಂಜೆ ಆರೂವರೆಗೆ,
ಡುಲೂತಿನ ಹಳೆಯ ಲೈಬ್ರರಿಯ ನೆಲಮಾಳಿಗೆಯಲ್ಲಿ
ನಾವು ಕೊಲೆ ಮಾಡಲು ಸೇರುತ್ತೇವೆ.
ಎಂಟು ಮಂದಿ. ಮಡಚುವ ಕುರ್ಚಿ ಒಂಬತ್ತು.
ಬಾಗಿಲ ಬಳಿ ತಗಡಿನ ಡಬ್ಬಿ: ತಲೆಗೆ ಎರಡು ಡಾಲರು,
ಕಾಫಿಗೆ, ಹಾಲಿಗೆ, ಜೆರಾಕ್ಸಿಗೆ.
ಲೆಕ್ಕ ನನ್ನದು.
ಕೌಂಟಿಯ ತೆರಿಗೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಸವೆದ ಬೆರಳು,
ದುಡ್ಡು ಮುಟ್ಟಿದರೆ ಸುಳ್ಳು ಹೇಳುವುದಿಲ್ಲ.

ಔಷಧದಂಗಡಿ ಮಾರಿ ಮನೆಯಲ್ಲಿ ಕೂತ ವರ್ನಾ ಹಾಪಲ
ಎಲ್ಲರ ವಿಷವನ್ನೂ ತಿದ್ದಿಕೊಡುತ್ತಾಳೆ:
"ಇಷ್ಟಕ್ಕೆಲ್ಲ ಅವನು ಸಾಯೋದಿಲ್ಲ ವೆಂಡೆಲ್,
ಎರಡು ದಿನ ಹೊಟ್ಟೆ ಕೆಡುತ್ತೆ, ಅಷ್ಟೇ."
ಹಲ್ಲಿನ ಡಾಕ್ಟರು ವೆಂಡೆಲ್ ಕ್ರೌಸ್ ಪೆನ್ಸಿಲ್ ತೆಗೆದು
ಒಂದು ಚಮಚವನ್ನು ಮೂರು ಮಾಡುತ್ತಾನೆ
ಮೆಲ್ಲಗೆ, ನೋವಾಗದಂತೆ. ಅಭ್ಯಾಸಬಲ.
ಡೆಲ್ಫೀನ್ ಕಡೋಟ್ ಶಾಲೆಯ ಬಸ್ಸು ಓಡಿಸುವವಳು,
ಅವಳ ಹೆಣಗಳೆಲ್ಲ ಸಿಗುವುದು ಕೊನೆಯ ಸೀಟಿನಲ್ಲೇ.
ಕಳೆದ ವರ್ಷ ಒಟ್ಟು ನಲವತ್ತಮೂರು ಕೊಲೆ.
ರೇಡಿಯೇಟರ್ ಹಿಂದೆ ಇಲಿಯೊಂದು ಕಂಡಾಗ ಮಾತ್ರ
ಎಂಟೂ ಮಂದಿ ಕುರ್ಚಿ ಹತ್ತಿದೆವು;
ಅದಕ್ಕೀಗ ಪ್ರತಿ ತಿಂಗಳೂ ಬಿಸ್ಕತ್ತು ತರುವವಳು ವರ್ನಾ.

ಇನ್ನು ಆರಿನ್ ಟ್ವೇಟ್. ಬಂದರಿನಲ್ಲಿ ಟಗ್ ನಡೆಸಿದವನು.
ಹನ್ನೊಂದು ವರ್ಷದಿಂದ ಅದೇ ಕಾದಂಬರಿ,
ಅದೇ ಅದಿರು ಹಡಗು, ಅದೇ ಸರೋವರ, ಅದೇ ಮಂಜು.
ಒಬ್ಬರೂ ಸತ್ತಿಲ್ಲ ಇನ್ನೂ.
"ಮಂಜು ಸರಿಯಾಗಿ ಬೀಳಲಿ ತಡೀರಿ" ಅನ್ನುತ್ತಾನೆ.
ಅವನ ಬೋರ್ಗಿಲ್ಡ್ ಒಂದು ಸಾಲೂ ಬರೆದವಳಲ್ಲ.
ಪಕ್ಕದಲ್ಲಿ ಕೂತು ಕಾಲುಚೀಲ ಹೆಣೆಯುತ್ತ,
ಯಾರದೇ ಕಥೆಯಿರಲಿ, ಮೂರನೆಯ ಪುಟಕ್ಕೆ
ಕೊಲೆಗಾರನ ಹೆಸರು ಹೇಳಿ
ಹೆಣಿಗೆಯ ಕುಣಿಕೆ ಎಣಿಸಲು ಮರಳುತ್ತಿದ್ದಳು.
ತಪ್ಪಿದ್ದೇ ಇಲ್ಲ. ಎಷ್ಟು ಬೈದುಕೊಂಡಿದ್ದೇವೆ ಅವಳನ್ನು!
ಮಾರ್ಚಿನ ಸಭೆಗೆ ಆರಿನ್ ಒಬ್ಬನೇ ಬಂದ,
ಬೂಟಿನ ಹಿಮ ಕೊಡವಲು ತುಂಬ ಹೊತ್ತು ತೆಗೆದುಕೊಂಡ.

ಏಪ್ರಿಲಿನಲ್ಲಿ ಡಬ್ಬಿ ಸುರಿದೆ: ಹದಿನೆಂಟು.
ಎಂಟೆರಡಲ ಹದಿನಾರು. ಮತ್ತೆ ಎಣಿಸಿದೆ.
ಮೇ ತಿಂಗಳಲ್ಲೂ ಹದಿನೆಂಟು. ಜೂನಿನಲ್ಲೂ.
ನನ್ನ ಬಾಯಿ ಸುಮ್ಮನಿರಲಿಲ್ಲ. ಸಭೆಗೆ ಹೇಳಿಬಿಟ್ಟೆ.

ಅಯ್ಯೋ, ಆಮೇಲಿನ ಸಂಭ್ರಮ!
ವೆಂಡೆಲ್ ಬೆರಳಚ್ಚಿನ ಪುಡಿ ತಂದು ಕಾಫಿಗೆ ಚೆಲ್ಲಿದ.
ಡೆಲ್ಫೀನಳ ಗುಮಾನಿ ಕಸ ಗುಡಿಸುವವನ ಮೇಲೆ.
ವರ್ನಾ ಕೇಳಿದಳು: ಉದ್ದೇಶ? ಉದ್ದೇಶವೇನು?
ಕದ್ದವನನ್ನು ಹಿಡಿಯಲು ನೂರು ದಾರಿ ಗೊತ್ತು ನಮಗೆ,
ಇಟ್ಟು ಹೋದವನನ್ನು ಹಿಡಿಯುವುದು ಹೇಗೆ?
ಅಕ್ಟೋಬರಿನಲ್ಲಿ ಕುಂಬಳಕಾಯಿ ಪೈ ಹಂಚುತ್ತ
ಒಬ್ಬೊಬ್ಬರ ಮುಖವನ್ನೂ ನೋಡಿದೆ.
ಯಾರೂ ಹೆಗಲು ಮುಟ್ಟಿಕೊಳ್ಳಲಿಲ್ಲ.
ಆರಿನ್ ಮಾತ್ರ ಪೈಯ ಅಂಚು ಮುರಿದು
ತಟ್ಟೆಯ ಆಚೆ ಬದಿಗೆ ಸರಿಸಿಟ್ಟ.
ಬೋರ್ಗಿಲ್ಡಳಿಗೆ ಅಂಚೆಂದರೆ ಇಷ್ಟ.

ಆ ರಾತ್ರಿ ನೋಟುಗಳನ್ನು ಮೇಜಿನ ಮೇಲೆ ಹರಡಿದೆ.
ನಾಲ್ಕು ಒಂದರೊಳಗೊಂದು ಮಡಚಿ ಕೂತಿದ್ದವು,
ಜೋಡಿ ಕಾಲುಚೀಲವನ್ನು ಮಡಚಿಡುವ ಹಾಗೆ.
ಕುರ್ಚಿ ಹಾಕುವಾಗ ಅವನು ಎರಡು ಬಿಡಿಸುವುದನ್ನು
ಏಳು ತಿಂಗಳು ನೋಡಿದ್ದೇನೆ, ನೋಡಿಯೇ ಇರಲಿಲ್ಲ.

ನವೆಂಬರ್. ಹೊರಗೆ ಸೇತುವೆ ಮೇಲೇಳುವ ಸದ್ದು,
ಕೊನೆಯ ಹಡಗಿನ ದೀರ್ಘ ಕೂಗು.
"ನಮ್ಮ ಪ್ರಕರಣ ಎಲ್ಲಿಗೆ ಬಂತು?" ವೆಂಡೆಲ್ ಕೇಳಿದ.
ಸುಳಿವಿಲ್ಲ, ಅಂದೆ.
ವರ್ನಾ ನನ್ನನ್ನು ನೋಡಿದಳು. ಡೆಲ್ಫೀನ್ ವರ್ನಾಳನ್ನು.
ಪ್ರಶ್ನೆ ಕೇಳಿದ ವೆಂಡೆಲ್ ಯಾಕೋ ಕನ್ನಡಕ ಒರೆಸುತ್ತಿದ್ದ.
ಪುಸ್ತಕದಲ್ಲಿ ಬರೆದೆ: ಹಾಜರಿ ಒಂಬತ್ತು,
ಜಮಾ ಹದಿನೆಂಟು, ತಾಳೆಯಾಗಿದೆ.

ಈಗ ಆರಿನ್ ಓದುತ್ತಿದ್ದಾನೆ. ಮಂಜು ಇನ್ನೂ ಬೀಳುತ್ತಿದೆ.
ಮೂರನೆಯ ಪುಟದ ಕೊನೆಗೆ ಬಂದು
ತುಸು ನಿಲ್ಲುತ್ತಾನೆ, ಎಡಕ್ಕೆ ಕಿವಿಗೊಟ್ಟು.
ನಾವೆಲ್ಲ ಕಾಫಿ ಲೋಟದೊಳಗೆ ನೋಡುತ್ತೇವೆ.